ನಮ್ಮ ತೊಟ್ಟಿಯ ನೀರಿನಲ್ಲಿ ಪರೀಕ್ಷೆ ಮಾಡಿ: ಬಣ್ಣದ ನೀರಿನ ಸಂಶೋಧಕರಿಗೆ ಒಂದು ಬಹಿರಂಗ ಪತ್ರ

ಇವರಿಗೆ,
ರಾಜ್ಯದ ವಿಶ್ವವಿದ್ಯಾಲಯಗಳು ಮತ್ತು ಎಂಜಿನಿಯರಿಂಗ್ ಕಾಲೇಜುಗಳ ರಸಾಯನಶಾಸ್ತ್ರ ಹಾಗೂ ಪರಿಸರ ವಿಭಾಗಗಳ ಅಧ್ಯಾಪಕರು, ಸಂಶೋಧನಾ ವಿದ್ಯಾರ್ಥಿಗಳು, ಇಂಥ ಸಂಶೋಧನೆಗೆ ಹಣ ಮಂಜೂರು ಮಾಡುವ ಸಮಿತಿಗಳ ಸದಸ್ಯರು

ಮಾನ್ಯರೇ,

ನಮಸ್ಕಾರ. ನಾನು ಬಾಗಲಕೋಟೆ ಜಿಲ್ಲೆಯ ನೇಕಾರರ ಊರೊಂದರಲ್ಲಿ ನೂಲಿಗೆ ಬಣ್ಣ ಹಾಕುವ ಮನೆಯ ಮಗಳು. ಬಿಎಸ್‌ಸಿಯಲ್ಲಿ ರಸಾಯನಶಾಸ್ತ್ರ ಓದಿದ್ದೇನೆ. ಈಗ ಅಣ್ಣನ ಜೊತೆ ಬಣ್ಣದ ತೂಕ, ಲೆಕ್ಕ, ಆರ್ಡರು ನೋಡಿಕೊಳ್ಳುತ್ತೇನೆ. ಇಳಕಲ್, ಗುಳೇದಗುಡ್ಡ, ರಬಕವಿ-ಬನಹಟ್ಟಿ, ಕಮತಗಿ ಅಂದರೆ ನಿಮಗೆ ಸೀರೆ, ಕುಬಸದ ಖಣ ನೆನಪಾಗಬಹುದು. ಆ ಬಟ್ಟೆ ಮಗ್ಗಕ್ಕೆ ಹೋಗುವ ಮೊದಲು ನೂಲಿನ ಲಡಿಗಳು ನಮ್ಮಂಥವರ ಮನೆಯ ಹಂಡೆಗಳಲ್ಲಿ ಮುಳುಗಿ ಏಳುತ್ತವೆ. ಮುಳುಗಿಸಿದ ನೀರು ತೊಟ್ಟಿಗೆ, ಅಲ್ಲಿಂದ ಗಟಾರಕ್ಕೆ ಹೋಗುತ್ತದೆ. ಈ ಪತ್ರ ಆ ನೀರಿನ ಬಗ್ಗೆ.

ನಮ್ಮ ಓಣಿಯ ಗಟಾರ ನೋಡಿದರೆ ಆ ವಾರ ಯಾವ ಬಣ್ಣದ ಸೀರೆಗೆ ಬೇಡಿಕೆ ಇದೆ ಎಂದು ಹೇಳಬಹುದು. ಒಂದು ದಿನ ದಾಳಿಂಬೆ ಕೆಂಪು, ಇನ್ನೊಂದು ದಿನ ನವಿಲು ಹಸಿರು. ಗಟಾರ ಹಳ್ಳಕ್ಕೆ ಸೇರುತ್ತದೆ. ಹಳ್ಳದ ಕೆಳಗೆ ಹೊಲಗಳಿವೆ. ಬೇಸಿಗೆಯಲ್ಲಿ ಹಳ್ಳದ ದಂಡೆಯ ಮಣ್ಣು ಒಣಗಿ ಮೇಲೆ ಬಿಳಿ ಪೊರೆ ಕಟ್ಟಿರುವುದನ್ನು ನಾನೇ ನೋಡಿದ್ದೇನೆ. ಅದು ಉಪ್ಪು. ಆ ಹೊಲದವರು ನಮ್ಮ ಬಳಗದವರೇ. ಮದುವೆ ಮುಂಜಿಗೆ ಒಂದೇ ಪಂಕ್ತಿಯಲ್ಲಿ ಕೂತು ಉಣ್ಣುವವರು. ಅವರು ಬಂದು "ಏನಾದರೂ ಮಾಡ್ರೀ" ಎಂದಾಗ ನಮ್ಮ ಹತ್ತಿರ ಉತ್ತರ ಇರುವುದಿಲ್ಲ.

ಉತ್ತರ ನಿಮ್ಮ ಹತ್ತಿರ ಇದೆ ಎಂದು ನಾನು ನಂಬಿದ್ದೆ. ಈಗಲೂ ನಂಬಿದ್ದೇನೆ, ಅದಕ್ಕೇ ಬರೆಯುತ್ತಿದ್ದೇನೆ. ಕಾಲೇಜು ಬಿಟ್ಟ ಮೇಲೂ ನಿಮ್ಮ ಪ್ರಬಂಧಗಳನ್ನು ಹುಡುಕಿ ಓದುತ್ತೇನೆ. ಶೇಂಗಾ ಸಿಪ್ಪೆ, ಭತ್ತದ ಹೊಟ್ಟು, ಕಿತ್ತಳೆ ಸಿಪ್ಪೆ, ಬಾಳೆ ಸಿಪ್ಪೆ, ಬೇವಿನ ಎಲೆ, ಹುಣಸೆ ಬೀಜ, ಗರಗಸದ ಹೊಟ್ಟು, ತೆಂಗಿನ ನಾರಿನ ಪುಡಿ, ಕಬ್ಬು ಹಿಂಡಿದ ಮೇಲೆ ಉಳಿಯುವ ಬಗ್ಯಾಸ್, ಸೀಗಡಿ ಚಿಪ್ಪಿನಿಂದ ಮಾಡಿದ ಕೈಟೋಸಾನ್. ಬಣ್ಣ ಹಿಡಿಯುತ್ತದೆ ಎಂದು ಬರೆಯದ ವಸ್ತುವೇ ಉಳಿದಿಲ್ಲ ಅನ್ನಿಸುತ್ತದೆ. ಎಲ್ಲದರಲ್ಲೂ ಕೊನೆಗೆ ನೂರಕ್ಕೆ 95, 98 ಭಾಗ ಬಣ್ಣ ಹೋಯಿತು ಎಂದಿರುತ್ತದೆ. ಮೊದಲ ಪ್ಯಾರಾದಲ್ಲಿ ಬಣ್ಣದ ಉದ್ಯಮದ ಮಾಲಿನ್ಯದ ಮಾತು, ಕೊನೆಯ ಪ್ಯಾರಾದಲ್ಲಿ ಇದು ಅಗ್ಗದ, ಪರಿಸರಸ್ನೇಹಿ ದಾರಿ ಎಂಬ ಮಾತು. ಆದರೆ ನಮ್ಮ ಊರಿನ ಒಂದೇ ಒಂದು ಬಣ್ಣದ ಮನೆಯಲ್ಲೂ ಇವುಗಳಲ್ಲಿ ಯಾವುದೂ ಬಳಕೆಯಲ್ಲಿಲ್ಲ. ಇಷ್ಟು ವರ್ಷ, ಇಷ್ಟು ಜನ ಓದಿ ಬರೆದರೂ ಗಟಾರದ ಬಣ್ಣ ಯಾಕೆ ಬದಲಾಗಲಿಲ್ಲ? ನನಗೆ ತಿಳಿದ ಮಟ್ಟಿಗೆ ಕಾರಣ ಹೇಳುತ್ತೇನೆ. ದಯವಿಟ್ಟು ಕೊನೆಯವರೆಗೆ ಓದಿ.

ಮೊದಲು ನಮ್ಮ ಹಂಡೆಯಲ್ಲಿ ಏನಿದೆ ಎಂದು ಹೇಳಬೇಕು. 10 ಕಿಲೋ ಹತ್ತಿ ನೂಲಿಗೆ ರಿಯಾಕ್ಟಿವ್ ಬಣ್ಣ ಹಾಕುತ್ತೇವೆ ಎಂದುಕೊಳ್ಳಿ. ಲಡಿಗೆ ಬಣ್ಣ ಹಾಕುವಾಗ ನೂಲಿನ ತೂಕದ 20 ಪಟ್ಟು ನೀರು ಬೇಕಾಗುತ್ತದೆ. ಅಂದರೆ 200 ಲೀಟರ್. ಮಧ್ಯಮ ಛಾಯೆಗೆ ನೂರಕ್ಕೆ 2ರಂತೆ ಬಣ್ಣ, 200 ಗ್ರಾಂ. ಬಣ್ಣ ನೀರು ಬಿಟ್ಟು ನೂಲಿನ ಕಡೆ ಹೋಗಲಿ ಎಂದು ಲೀಟರಿಗೆ 50 ಗ್ರಾಂ ಉಪ್ಪು. ಅದೇ 10 ಕಿಲೋ ಆಯಿತು, ನೂಲು ಎಷ್ಟೋ ಉಪ್ಪು ಅಷ್ಟು. ಆಮೇಲೆ ಬಣ್ಣ ನೂಲಿಗೆ ಗಟ್ಟಿಯಾಗಿ ಕೂರಲು ಸೋಡಾ ಆಶ್, ಲೀಟರಿಗೆ 15 ಗ್ರಾಂ ಎಂದರೂ 3 ಕಿಲೋ. ಆಗ ನೀರಿನ ಪಿಎಚ್ (ಆಮ್ಲ, ಕ್ಷಾರದ ಅಳತೆ; 7 ಅಂದರೆ ತಟಸ್ಥ, ಅದಕ್ಕಿಂತ ಮೇಲೆ ಕ್ಷಾರ) 10.5, 11ರ ಹತ್ತಿರ ಇರುತ್ತದೆ.

1956ರಲ್ಲಿ ಬ್ರಿಟನ್ನಿನ ಐಸಿಐ ಕಂಪನಿ ರಿಯಾಕ್ಟಿವ್ ಬಣ್ಣಗಳನ್ನು ಮೊದಲು ಮಾರುಕಟ್ಟೆಗೆ ತಂದಿತು. ಸೀರೆ ಎಷ್ಟು ತೊಳೆದರೂ ಬಣ್ಣ ಬಿಡುವುದಿಲ್ಲ, ಯಾಕೆಂದರೆ ಬಣ್ಣದ ಅಣು ಹತ್ತಿಯ ಜೊತೆ ರಾಸಾಯನಿಕವಾಗಿ ಬೆಸೆದುಕೊಳ್ಳುತ್ತದೆ. ಆದರೆ ಅದೇ ಅಣು ಹಂಡೆಯ ನೀರಿನ ಜೊತೆಗೂ ಬೆಸೆದುಕೊಳ್ಳುತ್ತದೆ. ಹಾಗೆ ನೀರಿನ ಜೊತೆ ಹೋದ ಬಣ್ಣ ಮತ್ತೆ ನೂಲಿಗೆ ಹತ್ತುವುದೇ ಇಲ್ಲ. ಬಣ್ಣದ ಜಾತಿ ನೋಡಿ ನೂರಕ್ಕೆ 10ರಿಂದ 50 ಭಾಗದವರೆಗೂ ಹೀಗೆ ಪೋಲಾಗುತ್ತದೆ. 30 ಭಾಗ ಎಂದು ಹಿಡಿದರೆ ನಮ್ಮ 200 ಗ್ರಾಂನಲ್ಲಿ 60 ಗ್ರಾಂ ನೀರಲ್ಲೇ ಉಳಿಯಿತು. ಸೀರೆಯ ಮೇಲೆ ಬಿಸಿಲು, ಸೋಪು ತಡೆದು ನಿಲ್ಲುವಂತೆ ಮಾಡಿದ ಬಣ್ಣ ಇದು. ಹಳ್ಳದಲ್ಲೂ ಹಾಗೇ ತಡೆದು ನಿಲ್ಲುತ್ತದೆ.

ಈಗ ನಿಮ್ಮ ಪ್ರಯೋಗಾಲಯಕ್ಕೆ ಬರುತ್ತೇನೆ. ನಾನು ಓದಿದ ಪ್ರಬಂಧಗಳಲ್ಲಿ ಜಾಸ್ತಿ ಪಾಲು ಮಿಥಿಲೀನ್ ಬ್ಲೂ ಬಣ್ಣದ ಮೇಲಿವೆ. ಬಟ್ಟಿ ಇಳಿಸಿದ ನೀರು 100 ಮಿಲಿಲೀಟರ್, ಅದರಲ್ಲಿ ಸ್ವಲ್ಪ ಮಿಥಿಲೀನ್ ಬ್ಲೂ, ಒಂದಿಷ್ಟು ಸಿಪ್ಪೆ ಪುಡಿ, ಅಲ್ಲಾಡಿಸುವ ಯಂತ್ರ, ಕೊನೆಗೆ 664 ನ್ಯಾನೋಮೀಟರ್ ಬೆಳಕಿನಲ್ಲಿ ನೀರಿನಲ್ಲಿ ಉಳಿದ ಬಣ್ಣದ ಅಳತೆ. ಈ ಬಣ್ಣ ಯಾಕೆ ಆರಿಸುತ್ತಾರೆಂದು ನನಗೂ ಗೊತ್ತು. ಸುಲಭವಾಗಿ ಸಿಗುತ್ತದೆ, ಅಳೆಯುವುದು ಸುಲಭ, ಬೇರೆಯವರ ಫಲಿತಾಂಶದ ಜೊತೆ ಹೋಲಿಸಬಹುದು. ಕಲಿಯುವ ಹುಡುಗರಿಗೆ ಒಳ್ಳೆಯದೇ. ಆದರೆ ನಾವು ನೂಲಿಗೆ ಮಿಥಿಲೀನ್ ಬ್ಲೂ ಹಾಕುವುದಿಲ್ಲ. ನೇಕಾರರ ಊರುಗಳಲ್ಲಿ ಹತ್ತಿಗೆ ಹಾಕುವುದು ರಿಯಾಕ್ಟಿವ್, ವ್ಯಾಟ್, ನ್ಯಾಫ್ತಾಲ್ ಎಂಬ ಜಾತಿಯ ಬಣ್ಣಗಳು.

ಬಣ್ಣ ಬೇರೆ ಆದರೆ ಏನಂತೆ ಎನ್ನುವ ಹಾಗಿಲ್ಲ. ಇಡೀ ವಿಷಯ ನಿಂತಿರುವುದೇ ಅಲ್ಲಿ. ಮಿಥಿಲೀನ್ ಬ್ಲೂ ನೀರಿನಲ್ಲಿ ಧನ ವಿದ್ಯುದಂಶ ಹೊತ್ತಿರುತ್ತದೆ. ಸಿಪ್ಪೆ, ಹೊಟ್ಟು, ಎಲೆ, ಇವೆಲ್ಲದರ ಮೈಮೇಲೆ ಮಾಮೂಲಿ ನೀರಿನಲ್ಲಿ ಋಣ ವಿದ್ಯುದಂಶ ಇರುತ್ತದೆ. ಒಂದಕ್ಕೊಂದು ಸೆಳೆದುಕೊಂಡು ಅಂಟಿಕೊಳ್ಳುತ್ತವೆ. ಹಾಗಾಗಿ ಹೆಚ್ಚುಕಮ್ಮಿ ಯಾವ ಗಿಡದ ಪುಡಿ ಹಾಕಿದರೂ ಮಿಥಿಲೀನ್ ಬ್ಲೂ ಇಳಿಯುತ್ತದೆ. ರಿಯಾಕ್ಟಿವ್ ಬಣ್ಣ ಇದಕ್ಕೆ ಉಲ್ಟಾ. ಅದರ ಅಣುವಿನಲ್ಲಿ ಸಲ್ಫೋನೇಟ್ ಗುಂಪುಗಳಿವೆ, ಅದು ಋಣ ವಿದ್ಯುದಂಶ ಹೊತ್ತದ್ದು. ನಮ್ಮ ತೊಟ್ಟಿಯ ಪಿಎಚ್‌ನಲ್ಲಿ ಶೇಂಗಾ ಸಿಪ್ಪೆ ಅದನ್ನು ಹತ್ತಿರ ಸೇರಿಸುವುದಿಲ್ಲ, ದೂರ ತಳ್ಳುತ್ತದೆ.

ಇದು ನಿಮಗೆ ನನಗಿಂತ ಚೆನ್ನಾಗಿ ಗೊತ್ತಿರುವ ಮಾತು. ರಿಯಾಕ್ಟಿವ್ ಬಣ್ಣಗಳ ಮೇಲೆ ಕೆಲಸ ಮಾಡಿದವರೂ ನಿಮ್ಮಲ್ಲಿದ್ದಾರೆ. ಅವರ ಪ್ರಬಂಧಗಳಲ್ಲಿ ಎಷ್ಟೋ ಸಲ "ಪಿಎಚ್ 2ರಲ್ಲಿ ಫಲಿತಾಂಶ ಅತ್ಯುತ್ತಮ" ಎಂದಿರುತ್ತದೆ. ಆ ಒಂದು ಸಾಲಿನ ಅರ್ಥ ನಮ್ಮ ಮನೆಯಲ್ಲಿ ಏನು ಎಂದು ಲೆಕ್ಕ ಹಾಕಿ ನೋಡಿ. 3 ಕಿಲೋ ಸೋಡಾ ಆಶ್ ತಟಸ್ಥ ಮಾಡಲಿಕ್ಕೇ ಸುಮಾರು 2.8 ಕಿಲೋ ಶುದ್ಧ ಗಂಧಕಾಮ್ಲ ಬೇಕು. ಪಿಎಚ್ 2ಕ್ಕೆ ಇಳಿಸಲು ಇನ್ನಷ್ಟು. ಒಂದು ಹಂಡೆಗೆ! ಪ್ರಯೋಗಾಲಯದಲ್ಲಿ ನಾಲ್ಕು ಹನಿ ಆಮ್ಲ ಹಾಕಿದರೆ ಆಗುವ ಕೆಲಸಕ್ಕೆ ನಾವು ಆಮ್ಲದ ಕ್ಯಾನುಗಳನ್ನು ತರಿಸಿ, ಮಕ್ಕಳು ಓಡಾಡುವ ಪಡಸಾಲೆಯ ಪಕ್ಕ ಇಟ್ಟುಕೊಳ್ಳಬೇಕು. ಬಣ್ಣ ತೆಗೆದ ಮೇಲೆ ಹೊರಗೆ ಬಿಡಲು ಮತ್ತೆ ಕ್ಷಾರ ಹಾಕಿ ಪಿಎಚ್ ಏರಿಸಬೇಕು. ಎರಡೂ ಸೇರಿ ಕೊನೆಗೆ ನೀರಿನಲ್ಲಿ ಇನ್ನಷ್ಟು ಉಪ್ಪೇ ಆಗುತ್ತದೆ. ಬಣ್ಣ ಹೋಯಿತು, ಉಪ್ಪು ಹೆಚ್ಚಿತು. ಆ ಉಪ್ಪಿನ ಲೆಕ್ಕ ಪ್ರಬಂಧದಲ್ಲಿ ಬರುವುದೇ ಇಲ್ಲ.

ಪುಡಿಯ ಲೆಕ್ಕಕ್ಕೂ ಇದೇ ಗತಿ. ತೊಟ್ಟಿಯಲ್ಲಿ ಉಳಿದ 60 ಗ್ರಾಂ ಬಣ್ಣ ಹಿಡಿಯಬೇಕು. ಒಂದು ಪುಡಿ ಗ್ರಾಂಗೆ 20 ಮಿಲಿಗ್ರಾಂ ಹಿಡಿದರೆ 3 ಕಿಲೋ ಪುಡಿ ಸಾಕು. ಗ್ರಾಂಗೆ 5 ಮಿಲಿಗ್ರಾಂ ಮಾತ್ರ ಹಿಡಿದರೆ 12 ಕಿಲೋ ಬೇಕು, ಅಂದರೆ ನೂಲಿಗಿಂತ ಪುಡಿಯೇ ಜಾಸ್ತಿ. ಒಳ್ಳೆಯ ಆಕ್ಟಿವೇಟೆಡ್ ಕಾರ್ಬನ್ (ಬಣ್ಣ ಹಿಡಿಯುವಂತೆ ಹದ ಮಾಡಿದ ಇದ್ದಿಲು) ಗ್ರಾಂಗೆ 200 ಮಿಲಿಗ್ರಾಂ ಹಿಡಿದರೆ 300 ಗ್ರಾಂನಲ್ಲಿ ಮುಗಿಯುತ್ತದೆ. ಬಣ್ಣದ ಮನೆಯವರಿಗೆ ಬೇಕಾದ ಅಂಕಿ ಇದು: ಒಂದು ಕಿಲೋ ನೂಲಿಗೆ ಎಷ್ಟು ಕಿಲೋ ಪುಡಿ, ಎಷ್ಟು ರೂಪಾಯಿ, ಎಷ್ಟು ಹೊತ್ತು. ನಾನು ಓದಿದ ಪ್ರಬಂಧಗಳಲ್ಲಿ ಹುಡುಕಿದ್ದೇನೆ, ನನಗೆ ಸಿಕ್ಕಿಲ್ಲ. ಸಿಗುವುದು, ಮೈಮೇಲೆ ಎಷ್ಟು ವಸ್ತು ಕೂರುತ್ತದೆ ಎಂದು ಲೆಕ್ಕ ಹಾಕುವ ಲ್ಯಾಂಗ್‌ಮ್ಯೂರ್ ಸಮೀಕರಣಕ್ಕೆ ನೇರ ಗೆರೆ ಎಷ್ಟು ಚೆನ್ನಾಗಿ ಹೊಂದಿತು ಎಂಬ ಅಂಕಿ. ಲ್ಯಾಂಗ್‌ಮ್ಯೂರ್ 1918ರಲ್ಲಿ ಗಾಜು, ಅಭ್ರಕ, ಪ್ಲಾಟಿನಂ ಮೈಮೇಲೆ ಅನಿಲಗಳು ಕೂರುವುದನ್ನು ನೋಡಿ ಆ ಸಮೀಕರಣ ಕೊಟ್ಟರು. ಅದನ್ನು ಓದಿ ನಾನೂ ಪರೀಕ್ಷೆ ಪಾಸಾಗಿದ್ದೇನೆ, ಅದರ ಮೇಲೆ ಗೌರವವಿದೆ. ಆದರೆ ನಮ್ಮ ತೊಟ್ಟಿಯಲ್ಲಿ ಎರಡು ಮೂರು ಬಣ್ಣ, ಉಪ್ಪು, ಸೋಡಾ, ಸೋಪು, ನೂಲಿನ ಗಂಜಿ ಎಲ್ಲಾ ಕಲಸಿಕೊಂಡಿದೆ. ಅಲ್ಲಿ ಆ ಗೆರೆ ಏನಾಗುತ್ತದೆ ಎಂದು ನೋಡಿದವರು ಕಡಿಮೆ.

ನೂರಕ್ಕೆ 98 ಎಂಬ ಅಂಕಿಯ ಬಗ್ಗೆಯೂ ಒಂದು ಮಾತು. ಮೊದಲ ನೀರಿನಲ್ಲಿ ಲೀಟರಿಗೆ 300 ಮಿಲಿಗ್ರಾಂ ಬಣ್ಣವಿದ್ದರೆ, 98 ಭಾಗ ತೆಗೆದ ಮೇಲೂ 6 ಮಿಲಿಗ್ರಾಂ ಉಳಿಯುತ್ತದೆ. ಲೀಟರಿಗೆ 1 ಮಿಲಿಗ್ರಾಂಗಿಂತ ಕಡಿಮೆ ಇದ್ದರೂ ಕಣ್ಣಿಗೆ ಕಾಣುವ ಬಣ್ಣಗಳಿವೆ. ಅಂದರೆ ನಿಮ್ಮ ಲೆಕ್ಕದಲ್ಲಿ ಗೆದ್ದ ನೀರು ನಮ್ಮ ಗಟಾರದಲ್ಲಿ ಇನ್ನೂ ಕೆಂಪಗೇ ಇರುತ್ತದೆ. ಕೊನೆಯ ಆ ಚೂರು ತೆಗೆಯುವುದೇ ಕಷ್ಟ, ಯಾಕೆಂದರೆ ನೀರು ತಿಳಿಯಾದಷ್ಟೂ ಪುಡಿ ಹಿಡಿಯುವುದು ಕಡಿಮೆಯಾಗುತ್ತದೆ.

ಸಿಪ್ಪೆಯನ್ನು ಹಾಗೇ ಹಾಕದೆ ಆಕ್ಟಿವೇಟೆಡ್ ಕಾರ್ಬನ್ ಮಾಡಿ ಹಾಕಿ ಎನ್ನುತ್ತೀರಿ. ಸರಿ. ಅದಕ್ಕೆ ಫಾಸ್ಫಾರಿಕ್ ಆಮ್ಲವೋ ಜಿಂಕ್ ಕ್ಲೋರೈಡೋ ಬೇಕು, 500 ಡಿಗ್ರಿ ಸುಮಾರಿನ ಕುಲುಮೆ ಬೇಕು, ಕೆಲವು ಸಲ ನೈಟ್ರೋಜನ್ ಅನಿಲ ಬೇಕು, ಆಮೇಲೆ ಪುಡಿಯನ್ನು ತೊಳೆಯಲು ಮತ್ತಷ್ಟು ನೀರು ಬೇಕು. ಇಷ್ಟೆಲ್ಲಾ ಆದ ಮೇಲೂ ಪ್ರಬಂಧದ ಹೆಸರಿನಲ್ಲಿ "ಅಗ್ಗದ ವಸ್ತು" ಎಂದೇ ಇರುತ್ತದೆ. ಕೆಲವರು ಪುಡಿಯ ಮೈಗೆ ಧನ ವಿದ್ಯುದಂಶ ತರಲು ಎಪಿಕ್ಲೋರೋಹೈಡ್ರಿನ್ ಎಂಬ ರಾಸಾಯನಿಕ ಬಳಸುತ್ತಾರೆ. ಅದು ಕ್ಯಾನ್ಸರ್ ತರಬಹುದಾದ ವಸ್ತುಗಳ ಪಟ್ಟಿಯಲ್ಲಿದೆ. ಗಟಾರ ತಿಳಿಯಾಗಲಿ ಎಂದು ಅದನ್ನು ಬಣ್ಣದ ಮನೆಗೆ ತರಲು ನಾವು ಸಿದ್ಧರಿಲ್ಲ. ಇನ್ನು ಶೇಂಗಾ ಸಿಪ್ಪೆ, ಬಗ್ಯಾಸ್ ಪುಕ್ಕಟೆ ಸಿಗುತ್ತದೆ ಎಂಬ ಮಾತು. ನಮ್ಮ ಕಡೆ ಸಕ್ಕರೆ ಕಾರ್ಖಾನೆಗಳು ಬಗ್ಯಾಸ್ ಸುಟ್ಟು ಉಗಿ, ಕರೆಂಟ್ ಮಾಡುತ್ತವೆ. ಶೇಂಗಾ ಸಿಪ್ಪೆಗೂ ಒಲೆ, ಬಾಯ್ಲರಿನ ಗಿರಾಕಿ ಇದ್ದಾರೆ. ಸುಮ್ನೆ ಬಿದ್ದಿರುವ ಕಸ ಎಂದು ಬರೆಯುವ ಮುನ್ನ ಒಂದು ಸಲ ಬಂದು ದರ ಕೇಳಿ ಹೋಗಿ.

ಎಲ್ಲಕ್ಕಿಂತ ನನ್ನನ್ನು ಕಾಡುವುದು ಬಳಸಿ ಮುಗಿದ ಪುಡಿ. ಹೀಗೆ ಪುಡಿಗೆ ಅಂಟಿಸಿ ತೆಗೆಯುವ ಅಡ್ಸಾರ್ಪ್ಶನ್‌ನಲ್ಲಿ ಬಣ್ಣ ನಾಶವಾಗುವುದಿಲ್ಲ. ನೀರಿನಲ್ಲಿದ್ದದ್ದು ಪುಡಿಯ ಮೈಗೆ ಬಂದು ಕೂತಿರುತ್ತದೆ ಅಷ್ಟೇ. 12 ಕಿಲೋ ಪುಡಿ ನೀರು ಕುಡಿದು ಅದರ ಕೆಲವು ಪಟ್ಟು ತೂಗುತ್ತದೆ. ಅದನ್ನು ಎಲ್ಲಿ ಹಾಕಬೇಕು? ತಿಪ್ಪೆಗೆ ಹಾಕಿದರೆ ಮೊದಲ ಮಳೆಗೇ ಬಣ್ಣ ಬಿಡುತ್ತದೆ. ಒಲೆಗೆ ಹಾಕಿದರೆ ಹೊಗೆ ಯಾರ ಮೂಗಿಗೆ? ಟರ್ಕಾಯ್ಸ್ ನೀಲಿ ರಿಯಾಕ್ಟಿವ್ ಬಣ್ಣಗಳಲ್ಲಿ ತಾಮ್ರ ಇರುತ್ತದೆ. ಸುಟ್ಟರೂ ಆ ತಾಮ್ರ ಬೂದಿಯಲ್ಲಿ ಉಳಿಯುತ್ತದೆ. ಆ ಬೂದಿಯನ್ನು ಹೊಲಕ್ಕೆ ಹಾಕಬಹುದಾ? ನಾನು ಓದಿದ ಬಹುಪಾಲು ಪ್ರಬಂಧಗಳು ಪುಡಿಯನ್ನು ಸೋಸಿ ತೆಗೆದಲ್ಲಿಗೆ ಮುಗಿಯುತ್ತವೆ. ನಮ್ಮ ತಾಪತ್ರಯ ಶುರುವಾಗುವುದು ಅಲ್ಲಿಂದ.

ಇಲ್ಲಿ ನಾವು ಕಂಡ ಒಂದು ಸಂಗತಿ ಹೇಳಲೇಬೇಕು. ಕೆಲವು ವರ್ಷಗಳ ಹಿಂದೆ ಒಂದು ಕಾಲೇಜಿನಿಂದ ಒಂದು ತಂಡ ನಮ್ಮ ಓಣಿಗೆ ಬಂದಿತ್ತು. ಕಾಲೇಜಿನ ಹೆಸರು ಬೇಡ. ಅವರು ಸಜ್ಜನರು, ಚೆನ್ನಾಗಿ ಮಾತಾಡಿಸಿದರು. ಚಹಾ ಕುಡಿದರು, ಫೋಟೋ ತೆಗೆದುಕೊಂಡರು, ಕ್ಯಾನುಗಳಲ್ಲಿ ತೊಟ್ಟಿಯ ನೀರು ತುಂಬಿಕೊಂಡು ಹೋದರು. ಫಲಿತಾಂಶ ಬಂದ ಮೇಲೆ ತಿಳಿಸುತ್ತೇವೆ ಎಂದರು. ನಮ್ಮ ಅಪ್ಪ ತಿಂಗಳುಗಟ್ಟಲೆ ಕೇಳುತ್ತಿದ್ದರು, ಅವರು ಏನಂದರು ಅಂತ. ಫೋನ್ ಮಾಡಿದರೆ ವಿದ್ಯಾರ್ಥಿ ಕೋರ್ಸ್ ಮುಗಿಸಿ ಹೋದ ಎಂದರು. ಆ ನೀರಿನಲ್ಲಿ ಏನಿತ್ತು, ಅವರ ಪುಡಿ ಅದರಲ್ಲಿ ಕೆಲಸ ಮಾಡಿತೋ ಇಲ್ಲವೋ, ನಮಗೆ ಇವತ್ತಿಗೂ ಗೊತ್ತಿಲ್ಲ. ಕೆಲಸ ಮಾಡದೇ ಇದ್ದರೆ ಅದೂ ನಮಗೆ ಬೇಕಾದ ಸುದ್ದಿಯೇ. ಒಂದು ಕಾಗದದ ಮೇಲೆ ಕನ್ನಡದಲ್ಲಿ ನಾಲ್ಕು ಸಾಲು ಬರೆದು ಕಳಿಸಿದ್ದರೂ ಅಪ್ಪ ಅದನ್ನು ಜೋಪಾನವಾಗಿ ಇಟ್ಟುಕೊಳ್ಳುತ್ತಿದ್ದರು. ಹೀಗಾದ ಮೇಲೆ ಓಣಿಯ ಹಿರಿಯರು ನೀರು ಕೇಳಿ ಬರುವವರಿಗೆ ಬಾಗಿಲು ತೆಗೆಯಲು ಹಿಂದೆಮುಂದೆ ನೋಡುತ್ತಾರೆ. ಅದನ್ನು ತಪ್ಪು ಎನ್ನಲು ನನಗೆ ಬಾಯಿ ಬರುವುದಿಲ್ಲ.

ಅವರಿಗೆ ಭಯವೂ ಇದೆ. ತಮಿಳುನಾಡಿನ ತಿರುಪ್ಪೂರಿನ ಕಥೆ ನೇಕಾರರ ಊರುಗಳಲ್ಲಿ ಎಲ್ಲರಿಗೂ ಗೊತ್ತು. ಅಲ್ಲಿನ ಬಣ್ಣದ ನೀರು ನೊಯ್ಯಲ್ ನದಿಗೆ ಸೇರಿ, ಒರತ್ತುಪಾಳಯಂ ಅಣೆಕಟ್ಟಿನಲ್ಲಿ ನಿಂತು, ಕೆಳಗಿನ ರೈತರ ಜಮೀನು, ಬಾವಿ ಹಾಳಾದವು. ರೈತರು ಕೋರ್ಟಿಗೆ ಹೋದರು. 2011ರ ಜನವರಿಯಲ್ಲಿ ಮದ್ರಾಸ್ ಹೈಕೋರ್ಟ್ 700ಕ್ಕೂ ಹೆಚ್ಚು ಬಣ್ಣದ ಘಟಕಗಳನ್ನು ಮುಚ್ಚಿಸಿತು. ರೈತರ ಕೂಗು ನ್ಯಾಯವಾದದ್ದು. ಅಲ್ಲಿ ದೊಡ್ಡ ರಫ್ತು ಉದ್ಯಮವಿತ್ತು, ದುಡ್ಡಿತ್ತು. ಒಂದು ಹನಿಯೂ ಹೊರಬಿಡದ ಘಟಕಗಳನ್ನು ಕಟ್ಟಿಕೊಂಡು ಆ ಊರು ಮತ್ತೆ ಎದ್ದಿತು. ನಾಳೆ ನಮ್ಮಲ್ಲಿ ಹಾಗಾದರೆ ನಾವು ಏಳುವುದಿಲ್ಲ. ಎರಡು ಹಂಡೆ, ಒಂದು ಹಿತ್ತಲು ಇರುವವರು ನೀರನ್ನು ಆವಿ ಮಾಡುವ ಯಂತ್ರ, ಉಪ್ಪು ಸೋಸುವ ಆರ್‌ಒ ಎಲ್ಲಿಂದ ತರುವುದು? ಬಣ್ಣದ ಮನೆ ಮುಚ್ಚಿದರೆ ಅದರ ಹಿಂದೆ ಮಗ್ಗವೂ ನಿಲ್ಲುತ್ತದೆ. ಅದಕ್ಕೇ ಸಣ್ಣವರ ಕೈಗೆಟುಕುವ ದಾರಿ ಬೇಕು. ನೈಸರ್ಗಿಕ ವಸ್ತುಗಳ ಮೇಲಿನ ನಿಮ್ಮ ಕೆಲಸದ ಮೇಲೆ ನಾನು ಇಷ್ಟು ಆಸೆ ಇಟ್ಟುಕೊಂಡಿರುವುದು ಇದಕ್ಕೇ.

ಹೇಗೂ ನೈಸರ್ಗಿಕ ಬಣ್ಣಕ್ಕೆ ಹೋಗಿಬಿಡಿ ಎನ್ನುವವರೂ ಇದ್ದಾರೆ. ಕೆಲವು ಸೀರೆಗಳಿಗೆ ಅದು ಆಗುತ್ತದೆ. ಸಂತೆಯಲ್ಲಿ ದುಡಿಯುವ ಹೆಂಗಸರು ಕೊಳ್ಳುವ ಬೆಲೆಯಲ್ಲಿ ಆಗುವುದಿಲ್ಲ. ಅದರಲ್ಲೂ ಬಣ್ಣ ನಿಲ್ಲಿಸಲು ಪಟಿಕ (ಆಲಂ), ತಾಮ್ರದ ಲವಣ ಬಳಸುತ್ತಾರೆ. ಅದರ ನೀರೂ ಎಲ್ಲೋ ಹೋಗಲೇಬೇಕು.

ಉಪ್ಪಿನ ಮಾತಿಗೆ ಮತ್ತೆ ಬರುತ್ತೇನೆ, ಯಾಕೆಂದರೆ ಇದು ಕಣ್ಣಿಗೆ ಕಾಣದ ಅಪಾಯ. 2016ರಲ್ಲಿ ಕೇಂದ್ರ ಪರಿಸರ ಸಚಿವಾಲಯ ಜವಳಿ ಉದ್ಯಮದ ತ್ಯಾಜ್ಯನೀರಿಗೆ ಮಾನದಂಡ ಹೊರಡಿಸಿದೆ. ಪಿಎಚ್ 6.5ರಿಂದ 8.5, ಬಣ್ಣ 150 ಪ್ಲಾಟಿನಂ ಕೋಬಾಲ್ಟ್ ಯೂನಿಟ್ (ನೀರಿನ ಬಣ್ಣದ ಅಳತೆ), ನೀರಿನಲ್ಲಿರುವ ಕೊಳೆ ಎಷ್ಟು ಆಮ್ಲಜನಕ ತಿನ್ನುತ್ತದೆ ಎಂದು ಹೇಳುವ ಬಿಒಡಿ 30, ಸಿಒಡಿ 250, ಕರಗಿದ ಲವಣ 2100; ಈ ಕೊನೆಯ ಮೂರೂ ಲೀಟರಿಗೆ ಮಿಲಿಗ್ರಾಂ ಲೆಕ್ಕದಲ್ಲಿ. ನಮ್ಮ ಮೊದಲ ಹಂಡೆಯಲ್ಲಿ ಉಪ್ಪು ಒಂದೇ ಲೀಟರಿಗೆ 50,000 ಮಿಲಿಗ್ರಾಂ. ಸಿಪ್ಪೆಯಾಗಲಿ ಕಾರ್ಬನ್ ಆಗಲಿ ಇದನ್ನು ಮುಟ್ಟುವುದಿಲ್ಲ. ಬಣ್ಣ ಮಾತ್ರ ತೆಗೆದು ತಿಳಿ ನೀರು ಹೊರಗೆ ಬಿಟ್ಟರೆ ಏನಾಗುತ್ತದೆ ಗೊತ್ತಾ? ಇವತ್ತು ಗಟಾರ ಕೆಂಪಗಿದೆ ಎಂದು ರೈತರು ಆ ನೀರು ಹೊಲಕ್ಕೆ ತಿರುಗಿಸುವುದಿಲ್ಲ, ದನಕ್ಕೆ ಕುಡಿಸುವುದಿಲ್ಲ. ನಾಳೆ ತಿಳಿಯಾಗಿ ಕಂಡರೆ ಧೈರ್ಯವಾಗಿ ಹಾಯಿಸುತ್ತಾರೆ. ಸೋಡಿಯಂ ತುಂಬಿದ ನೀರು ನಮ್ಮ ಎರೆಮಣ್ಣಿಗೆ ಹೋದರೆ ಮಣ್ಣು ಗಟ್ಟಿಯಾಗಿ ನೀರು ಇಂಗುವುದೇ ನಿಲ್ಲುತ್ತದೆ. ಬಣ್ಣ ತೆಗೆದು ಉಪ್ಪು ಬಿಟ್ಟ ನೀರನ್ನು ದಯವಿಟ್ಟು ಶುದ್ಧ ನೀರು ಎಂದು ಬರೆಯಬೇಡಿ.

ಹಸಿ ಪುಡಿ ತಾನೇ ನೀರಿಗೆ ಕಂದು ಬಣ್ಣ, ಒಗರು ಬಿಡುತ್ತದೆ, ಸಿಒಡಿ ಏರಿಸುತ್ತದೆ. ಅದನ್ನೂ ಅಳೆದು ಹೇಳಿ.

ಹಾಗಾದರೆ ಏನು ಮಾಡಬೇಕು? ಬಣ್ಣದ ಮನೆಯ ಕಡೆಯಿಂದ ನನಗೆ ಕಾಣುವುದನ್ನು ಹೇಳುತ್ತೇನೆ, ಸರಿಯೋ ತಪ್ಪೋ ನೀವು ಪರೀಕ್ಷಿಸಿ. ನಮ್ಮ ನೀರೆಲ್ಲಾ ಒಂದೇ ಅಲ್ಲ. ವ್ಯಾಟ್ ಬಣ್ಣ ಗಾಳಿ ತಗುಲಿದರೆ ಮತ್ತೆ ಕರಗದ ರೂಪಕ್ಕೆ ಬಂದು ತಳಕ್ಕೆ ಇಳಿಯುತ್ತದೆ. ನ್ಯಾಫ್ತಾಲ್ ನೀರಿನಲ್ಲಿ ಬೇರ್ಪಟ್ಟ ಬಣ್ಣವೂ ಕರಗುವುದಿಲ್ಲ. ಇವಕ್ಕೆ ಕಾರ್ಬನ್ ದಂಡ. ಗಾಳಿ ಆಡಿಸಿ, ಪಟಿಕವೋ ಸುಣ್ಣವೋ ಹಾಕಿ, ನಿಲ್ಲಿಸಿದರೆ ಬಹಳಷ್ಟು ಕೂರಬೇಕು. ನಮ್ಮ ಸೀಮೆಯ ಬೆಲ್ಲದ ಗಾಣಗಳಲ್ಲಿ ಕಬ್ಬಿನ ಹಾಲು ಕಾಯಿಸುವಾಗ ಬೆಂಡೆಗಿಡದ ಲೋಳೆ ಹಾಕಿ ಹೊಲಸನ್ನು ಮೇಲಕ್ಕೆ ತರುತ್ತಾರೆ. ನುಗ್ಗೆ ಬೀಜದ ಪುಡಿಯಲ್ಲಿ ಧನ ವಿದ್ಯುದಂಶದ ಪ್ರೋಟೀನ್ ಇದೆ, ಋಣ ವಿದ್ಯುದಂಶದ ಕಣಗಳನ್ನು ಅದು ಒಟ್ಟುಗೂಡಿಸುತ್ತದೆ. ವ್ಯಾಟ್, ನ್ಯಾಫ್ತಾಲ್ ನೀರಿಗೆ ಇವು ಎಷ್ಟು ನೆರವಾಗುತ್ತವೆ ಎಂದು ನಮ್ಮ ತೊಟ್ಟಿಯಲ್ಲೇ ನೋಡಿ.

ರಿಯಾಕ್ಟಿವ್ ನೀರಿನಲ್ಲೂ ಮೊದಲ ಹಂಡೆ ಬೇರೆ, ತೊಳೆದ ನೀರು ಬೇರೆ. ಉಪ್ಪು ಹೆಚ್ಚೂಕಡಿಮೆ ಎಲ್ಲಾ ಮೊದಲ ಹಂಡೆಯಲ್ಲಿದೆ. ಬಣ್ಣವನ್ನಷ್ಟೇ ಹಿಡಿದು ತೆಗೆದರೆ ಆ ಉಪ್ಪು ನೀರನ್ನು ಮುಂದಿನ ಲಡಿಗೆ ಮತ್ತೆ ಬಳಸಬಹುದಾ? ಗಾಢ ಬಣ್ಣಕ್ಕೆ ಮಾತ್ರವಾದರೂ? ಇದು ಆದರೆ ನಮಗೆ ಉಪ್ಪಿನ ಖರ್ಚು ಉಳಿಯುತ್ತದೆ, ಹೊಲಕ್ಕೆ ಉಪ್ಪು ಹೋಗುವುದು ತಪ್ಪುತ್ತದೆ. ಪುಡಿಗೆ ದುಡ್ಡು ಕೊಡಲು ನಾವೇ ಮುಂದೆ ಬರುತ್ತೇವೆ. ನನ್ನ ಮಟ್ಟಿಗೆ ಇಡೀ ವಿಷಯದಲ್ಲಿ ಇದಕ್ಕಿಂತ ಉಪಯೋಗದ ಪ್ರಶ್ನೆ ಇನ್ನೊಂದಿಲ್ಲ. ಉಪ್ಪು ಜಾಸ್ತಿ ಇದ್ದರೆ ಕಾರ್ಬನ್ ಋಣ ವಿದ್ಯುದಂಶದ ಬಣ್ಣವನ್ನು ಇನ್ನೂ ಚೆನ್ನಾಗಿ ಹಿಡಿಯುವುದುಂಟು ಎಂದು ನಿಮ್ಮವರೇ ಬರೆದಿದ್ದಾರೆ. ಹಾಗಿದ್ದರೆ ನಮ್ಮ ಹಂಡೆಯ ದೋಷವೇ ಇಲ್ಲಿ ಉಪಯೋಗಕ್ಕೆ ಬರುತ್ತದೆ, ಅಲ್ವಾ? ಸಕ್ಕರೆ ಕಾರ್ಖಾನೆಯ ಬಾಯ್ಲರ್ ಬೂದಿಯಲ್ಲಿ ಸುಡದೆ ಉಳಿದ ಇದ್ದಿಲು ಇರುತ್ತದೆ. ಅದಕ್ಕೆ ಹೊಸದಾಗಿ ಕುಲುಮೆ ಬೇಕಿಲ್ಲ, ನಮ್ಮ ಊರಿಗೆ ಹತ್ತಿರದಲ್ಲೇ ಇದೆ. ಅದರಿಂದ ಶುರು ಮಾಡಬಹುದು. ಅದು ತಾನೇ ನೀರಿಗೆ ಏನು ಬಿಡುತ್ತದೆ ಎನ್ನುವುದನ್ನೂ ಜೊತೆಗೇ ನೋಡಬೇಕು.

ನನ್ನ ವಿನಂತಿಗಳು ಇವು. ಹೊಸ ಸಿಪ್ಪೆಯೊಂದನ್ನು ಹುಡುಕಿ ಮಿಥಿಲೀನ್ ಬ್ಲೂ ಮೇಲೆ ಇನ್ನೊಂದು ಪ್ರಬಂಧ ಬರೆಯುವ ಬದಲು, ಈಗಾಗಲೇ ಗೊತ್ತಿರುವ ನಾಲ್ಕೈದು ವಸ್ತುಗಳನ್ನು ನಿಜವಾದ ಬಣ್ಣದ ಮನೆಯ ನೀರಿನಲ್ಲಿ, ನಮ್ಮ ಪಿಎಚ್‌ನಲ್ಲಿ, ನಮ್ಮ ಉಪ್ಪಿನಲ್ಲಿ ಪರೀಕ್ಷಿಸಿ. ಫ್ಲಾಸ್ಕಿನಲ್ಲಿ ಒಂದು ಸಲ ಅಲ್ಲಾಡಿಸಿ ಬಿಡದೆ, ಡ್ರಮ್ಮಿನಲ್ಲಿ ಪುಡಿ ತುಂಬಿ ನೀರು ಹಾಯಿಸಿ, ಬಣ್ಣ ಹೊರಗೆ ಬರುವವರೆಗೆ ನೋಡಿ. ಎಷ್ಟು ಹಂಡೆಗೆ ಒಂದು ಡ್ರಮ್ ಬಾಳುತ್ತದೆ ಎನ್ನುವುದು ಆಗ ತಿಳಿಯುತ್ತದೆ. ಫಲಿತಾಂಶವನ್ನು ಕಿಲೋ ನೂಲಿನ ಲೆಕ್ಕದಲ್ಲಿ ಹೇಳಿ. ಬಳಸಿದ ಪುಡಿಯನ್ನು ಏನು ಮಾಡಬೇಕು ಎಂಬುದಕ್ಕೆ ಉತ್ತರ ಸಿಗುವವರೆಗೆ ಕೆಲಸ ಮುಗಿಯಿತು ಎನ್ನಬೇಡಿ. ಕೆಲಸ ಮಾಡದ ಪುಡಿಗಳ ಬಗ್ಗೆಯೂ ಬರೆಯಿರಿ, ಅದರಿಂದ ಮುಂದಿನವರ ಸಮಯ ಉಳಿಯುತ್ತದೆ. ನೀರು ಕೊಟ್ಟ ಮನೆಗೆ ಫಲಿತಾಂಶವನ್ನು ಕನ್ನಡದಲ್ಲಿ ತಲುಪಿಸಿ.

ಹಣ ಮಂಜೂರು ಮಾಡುವವರಲ್ಲಿ ಒಂದು ಬೇಡಿಕೆ. ಬಣ್ಣದ ನೀರಿನ ಹೆಸರಿನಲ್ಲಿ ಅರ್ಜಿ ಬಂದರೆ, ಯಾವ ಬಣ್ಣದ ಮನೆ ಇದರಲ್ಲಿ ಪಾಲುದಾರ ಎಂದು ಮೊದಲು ಕೇಳಿ. ಸಣ್ಣ ಸಣ್ಣ ಪ್ರಾಜೆಕ್ಟುಗಳಿಗೆ ಹಂಚುವ ಹಣದಲ್ಲಿ ಒಂದು ಪಾಲು ತೆಗೆದಿಟ್ಟು, ಒಂದೇ ಒಂದು ಓಣಿಯಲ್ಲಿ, ಕೆಲವು ಮನೆಗಳು ಸೇರಿ ಬಳಸುವ ಪ್ರಾಯೋಗಿಕ ಘಟಕ ಕಟ್ಟಿಸಿ. ಬೇಸಿಗೆ, ಮಳೆಗಾಲ, ಹಬ್ಬದ ಸೀಸನ್ ಎಲ್ಲಾ ಬರುವಂತೆ ಪೂರ್ತಿ ವರ್ಷ ನಡೆಸಿ. ಪರೀಕ್ಷೆಗೆ ನೀರು ಕೊಟ್ಟವರ ಮೇಲೆ ಆ ನೀರನ್ನೇ ಸಾಕ್ಷಿ ಮಾಡಿ ನೋಟಿಸ್ ಬರುವುದಿಲ್ಲ ಎಂಬ ಭರವಸೆಯನ್ನು ಮಾಲಿನ್ಯ ನಿಯಂತ್ರಣದ ಅಧಿಕಾರಿಗಳಿಂದ ಮೊದಲೇ ಬರೆಸಿ ಕೊಡಿಸಿ. ಆ ಒಂದು ಕಾಗದ ಇಲ್ಲದೆ ನಮ್ಮವರು ತೊಟ್ಟಿಯ ಮುಚ್ಚಳ ತೆಗೆಯುವುದಿಲ್ಲ.

ನಮ್ಮ ಕಡೆಯಿಂದ ಏನು ಕೊಡಬಹುದು ಎಂದು ಮನೆಯಲ್ಲಿ, ಓಣಿಯಲ್ಲಿ ಮಾತಾಡಿದ್ದೇನೆ. ಯಾವ ಬಣ್ಣ, ಎಷ್ಟು ತೂಕ, ಎಷ್ಟು ಉಪ್ಪು, ಎಷ್ಟು ನೀರು ಎಂದು ಪ್ರತಿ ಹಂಡೆಗೂ ಬರೆದಿಟ್ಟ ಪುಸ್ತಕ ತೋರಿಸುತ್ತೇವೆ. ಮೊದಲ ಹಂಡೆ ನೀರು, ತೊಳೆದ ನೀರು ಬೇರೆ ಬೇರೆ ಹಿಡಿದಿಡುತ್ತೇವೆ. ಹಿತ್ತಲಿನಲ್ಲಿ ಡ್ರಮ್ ಇಡಲು ಜಾಗ ಇದೆ. ವಿದ್ಯಾರ್ಥಿಗಳು ಬಂದು ಇದ್ದು ಕೆಲಸ ಮಾಡುವುದಾದರೆ ಊಟ, ವಸತಿ ನಮ್ಮದು. ಬರುವುದಾದರೆ ಬೆಳಿಗ್ಗೆ ಬೇಗ ಬನ್ನಿ. ಬಿಸಿಲು ಏರುವ ಮುಂಚೆ ಬಣ್ಣ ಹಾಕಿ ಮುಗಿಸುತ್ತೇವೆ, ಹಂಡೆ ಖಾಲಿ ಮಾಡುವ ಹೊತ್ತಿಗೆ ನೀವು ಅಲ್ಲಿರಬೇಕು. ಪಿಎಚ್ ಮೀಟರ್ ಜೊತೆಗೆ ಕರಗಿದ ಲವಣ ಅಳೆಯುವ ಮೀಟರನ್ನೂ ತನ್ನಿ. ನಮ್ಮ ಹತ್ತಿರ ಅದಿಲ್ಲ.

ಇಂತಿ ತಮ್ಮ ವಿಶ್ವಾಸಿ,
ನೂಲಿಗೆ ಬಣ್ಣ ಹಾಕುವ ಮನೆಯ ಮಗಳು
ಬಾಗಲಕೋಟೆ ಜಿಲ್ಲೆ